ಏಳನೆಯ ಕುಳಿ

ಆತಿಥ್ಯ ನೀಡುವವನ ಧರ್ಮವನ್ನು ಕುರಿತು ಹಿರಿಯರು ಬೇಕಾದಷ್ಟು ಹೇಳಿದ್ದಾರೆ. ಬಂದವನಿಗೆ ಕಾಲಿಗೆ ನೀರು ಕೊಡಬೇಕು, ಮಣೆ ಹಾಕಬೇಕು, ಹಸಿವನ್ನು ಕೇಳದೆಯೇ ಅರಿಯಬೇಕು. ಆದರೆ ಅತಿಥಿಯಾಗಿ ಹೋದವನ ಧರ್ಮವೇನು ಎಂಬ ಪ್ರಶ್ನೆ ಅಷ್ಟಾಗಿ ಚರ್ಚೆಗೆ ಬಂದಂತೆ ಕಾಣುವುದಿಲ್ಲ. ಉಂಡವನು ಊಟ ಚೆನ್ನಾಗಿತ್ತೆಂದು ಹೇಳಿ ಎದ್ದರೆ ಸಾಕು ಎಂಬುದು ರೂಢಿ. ಆ ರೂಢಿಯನ್ನೇ ನಂಬಿ ಸಮುದ್ರದಾಚೆ ಒಂದು ಮಾತನ್ನಾಡಿ ಬಂದು, ಅದರ ಫಲವನ್ನು ಐದು ತಿಂಗಳ ತರುವಾಯ ಅಂಚೆಯಲ್ಲಿ ಪಡೆದ ಬೆಂಗಳೂರಿನ ಗೃಹಸ್ಥರೊಬ್ಬರ ವೃತ್ತಾಂತವಿದು.

ಅವರು ನೀರಾವರಿ ಇಲಾಖೆಯಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದವರು. ಹುಟ್ಟಿ ಬೆಳೆದದ್ದು ಕೋಲಾರದ ಚಿನ್ನದ ಗಣಿಯ ಊರಿನಲ್ಲಿ. ತಂದೆ ಗಣಿಯ ಕಚೇರಿಯಲ್ಲಿ ಗುಮಾಸ್ತರು. ಗಣಿಯ ಸಾಹೇಬರುಗಳು ಆಡುತ್ತಿದ್ದ ಗಾಲ್ಫ್ ಬಯಲಿನಲ್ಲಿ ರಜೆಯ ದಿನ ಚೀಲ ಹೊರುವುದು, ಪೊದೆಯಲ್ಲಿ ಕಳೆದ ಚೆಂಡನ್ನು ಹುಡುಕಿ ಕೊಡುವುದು ಅಲ್ಲಿಯ ಹುಡುಗರಿಗೆ ಕೈಖರ್ಚಿನ ದಾರಿಯಾಗಿತ್ತು. ಹುಲ್ಲು ನಿಲ್ಲದ ಆ ನೆಲದಲ್ಲಿ ಕುಳಿಯ ಸುತ್ತ ಎಣ್ಣೆ ಬೆರೆಸಿದ ಮರಳನ್ನು ಹಾಸಿ ಸಮ ಮಾಡುತ್ತಿದ್ದರು. ಹಸಿರಿಲ್ಲದ ಅದನ್ನು 'ಬ್ರೌನ್' ಎಂದೇ ಕರೆಯುತ್ತಿದ್ದರು. ಆಟವಾಡುವ ಹಕ್ಕು ಆ ಹುಡುಗರಿಗೆ ಇರಲಿಲ್ಲ. ನೋಡುವ ಹಕ್ಕನ್ನು ಯಾರೂ ಕಿತ್ತುಕೊಳ್ಳುವಂತಿರಲಿಲ್ಲ. ನೆಲ ಎಲ್ಲಿ ಇಳಿಯುತ್ತದೆ, ಚೆಂಡು ಯಾವ ಕಡೆಗೆ ವಾಲುತ್ತದೆ, ಮಳೆ ಬಿದ್ದರೆ ನೀರು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಅವರು ಕಲಿತದ್ದು ಕಾಲೇಜಿಗೆ ಮೊದಲು ಅಲ್ಲಿ.

ಗಾಲ್ಫ್ ಆಡುವವರು ಬೇರೆ, ಗಾಲ್ಫ್ ಬಯಲುಗಳನ್ನು ಪ್ರೀತಿಸುವವರು ಬೇರೆ. ಎರಡನೆಯ ಪಂಗಡದವರಿಗೆ ತಾವು ಎಷ್ಟು ಹೊಡೆತಗಳಲ್ಲಿ ಆಟ ಮುಗಿಸಿದೆವೆಂಬುದು ಮುಖ್ಯವಲ್ಲ. ಈ ದಿಬ್ಬ ಇಲ್ಲಿ ಏಕಿದೆ, ಈ ಮರಳಗುಂಡಿಯನ್ನು ಮನುಷ್ಯ ತೋಡಿದನೋ ಗಾಳಿಗೆ ಮರೆಯಾಗಿ ಮಲಗುತ್ತಿದ್ದ ಕುರಿಗಳು ಸವೆಸಿದವೋ ಎಂದು ವಿಚಾರಿಸುತ್ತ ಹಳೆಯ ನಕ್ಷೆಗಳನ್ನು ಹರವಿಕೊಂಡು ಕೂರುವ ಜನ ಅವರು. ಅಲಿಸ್ಟರ್ ಮೆಕೆಂಜಿ ಎಂಬ ವೈದ್ಯರು ಬೋಯರ್ ಯುದ್ಧದಲ್ಲಿ ಶತ್ರುಗಳು ನೆಲದೊಳಗೆ ನೆಲವಾಗಿ ಅಡಗುತ್ತಿದ್ದ ಬಗೆಯನ್ನು ಕಂಡು, ಮುಂದೆ ವೈದ್ಯವೃತ್ತಿಯನ್ನು ಬಿಟ್ಟು ಗಾಲ್ಫ್ ಬಯಲುಗಳ ರಚನಕಾರರಾದರು. ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸನ್ನು ಅಳೆದು ೧೯೨೪ರಲ್ಲಿ ಅವರು ಸಿದ್ಧಪಡಿಸಿದ ನಕ್ಷೆಯ ಪ್ರತಿ ಈ ಪಂಗಡದವರ ಮನೆಗಳಲ್ಲಿ ದೇವರ ಪಟದಂತೆ ಗೋಡೆಯ ಮೇಲಿರುತ್ತದೆ. ಇಂಜಿನಿಯರರು ಸ್ಕಾಟ್ಲೆಂಡಿನ ಫೈಫ್ ಸೀಮೆಯಲ್ಲಿದ್ದ, ಭೂಗೋಳದ ಉಪಾಧ್ಯಾಯರಾಗಿ ನಿವೃತ್ತರಾದ ಹಿರಿಯರೊಬ್ಬರೊಡನೆ ಹನ್ನೊಂದು ವರ್ಷ ಪತ್ರವ್ಯವಹಾರ ನಡೆಸಿದ್ದರು. ಮರಳಿನಲ್ಲಿ ನೀರು ಇಂಗುವ ಬಗೆಯೇ ಆ ಪತ್ರಗಳ ಮುಖ್ಯ ವಿಷಯ. ಹೊರಗಿನವರಿಗೆ ಇದು ವಿಚಿತ್ರವಾಗಿ ತೋರೀತು. ಆದರೆ ಸ್ನೇಹಕ್ಕೆ ದೊಡ್ಡ ವಿಷಯವೇ ಬೇಕೆಂಬ ನಿಯಮವೇನೂ ಇಲ್ಲ.

೨೦೧೮ರ ಜೂನ್ ತಿಂಗಳಿನಲ್ಲಿ ಆ ಹಿರಿಯರೂ ಅವರ ಮಿತ್ರರೂ ಸೇರಿ ಹೊರದೇಶಗಳ ಒಂಬತ್ತು ಮಂದಿ ಸಮಾನಾಸಕ್ತರನ್ನು ಹನ್ನೆರಡು ದಿನಗಳ ಮಟ್ಟಿಗೆ ತಮ್ಮಲ್ಲಿಗೆ ಬರಮಾಡಿಕೊಂಡರು. ಹೋಟೆಲಿನ ಮಾತಿಲ್ಲ, ಮನೆಗಳಲ್ಲೇ ವಸತಿ. ಒಬ್ಬೊಬ್ಬ ಆತಿಥೇಯರು ತಮ್ಮ ತಮ್ಮ ಕ್ಲಬ್ಬಿಗೆ ಕರೆದೊಯ್ದು ಅತಿಥಿಗಳ ಶುಲ್ಕವನ್ನು ತಾವೇ ತೆರುತ್ತಿದ್ದರು. ಇಂಜಿನಿಯರರು ಫೈಫ್‌ನ ಹಿರಿಯರ ಮನೆಯಲ್ಲಿ ಇಳಿದುಕೊಂಡರು. ಮನೆಯಾಕೆ ಇವರ ಆಹಾರಪದ್ಧತಿಯನ್ನು ಮೊದಲೇ ಪತ್ರದಲ್ಲಿ ಕೇಳಿ ತಿಳಿದುಕೊಂಡು, ಹೊಸ ಬಾಣಲೆಯೊಂದನ್ನು ಕೊಂಡು ತಂದಿಟ್ಟಿದ್ದರು. ಹ್ಯಾಗಿಸ್ ಎಂಬುದು ಅಲ್ಲಿಯ ಪ್ರಸಿದ್ಧ ಖಾದ್ಯ, ಮಾಂಸದ್ದು. ಅದನ್ನೇ ಓಟ್ಸ್, ಬೇಳೆಕಾಳು, ತರಕಾರಿಗಳಿಂದ ಮಾಡುವ ಕ್ರಮವೂ ಈಗ ಬಂದಿದೆ. ಆಕೆ ಅದನ್ನು ಆ ಹೊಸ ಬಾಣಲೆಯಲ್ಲಿ ಬಿಸಿ ಮಾಡಿ, ತಾನೂ ಪತಿಯೂ ಆ ಐದು ದಿನ ಅದೇ ಬಗೆಯ ಊಟವನ್ನೇ ಮಾಡಿದರು. ಕೇಳಿದರೆ, ಒಂದೇ ಮೇಜಿನಲ್ಲಿ ಎರಡು ಊಟವೇಕೆ ಎಂದು ನಕ್ಕರಂತೆ. ಇಂಥ ಮನೆಯಲ್ಲಿ ಇದ್ದುಕೊಂಡು ಮನೆಯ ಯಜಮಾನನಿಗೆ ಅಪ್ರಿಯವಾದ ಮಾತನ್ನಾಡುವುದು ಎಷ್ಟು ಕಷ್ಟವೆಂಬುದನ್ನು ಓದುಗರು ಊಹಿಸಬಹುದು.

ಎಡಿನ್‌ಬರೊ ನಗರದ ಪೂರ್ವಕ್ಕಿರುವ ನಾರ್ತ್ ಬರ್ವಿಕ್‌ನಲ್ಲಿ ಮೊದಲ ಎರಡು ದಿನ ಕಳೆದವು. ಅಲ್ಲಿ ಒಂದು ಗ್ರೀನಿನ ಮುಂದೆ ಅಡ್ಡಲಾಗಿ ಹಳೆಯ ಕಲ್ಲುಗೋಡೆಯೇ ಇದೆ. ಅದನ್ನು ಕೆಡವದೆ ಆಟವೇ ಅದಕ್ಕೆ ಹೊಂದಿಕೊಂಡಿದೆ. ಹದಿನೈದನೆಯ ಕುಳಿಗೆ ಕ್ರಿಮಿಯಾ ಯುದ್ಧದ ಕೋಟೆಯೊಂದರಿಂದ ಬಂದ 'ರೆಡಾನ್' ಎಂಬ ಹೆಸರು. ಓರೆಯಾಗಿ ಹಿಂದಕ್ಕೆ ಜಾರುವ ಆ ಗ್ರೀನಿನ ಮಾದರಿಯನ್ನು ಅಮೆರಿಕದವರು ಎಷ್ಟೋ ಕಡೆ ನಕಲು ಮಾಡಿದ್ದಾರೆ.

ಸೇಂಟ್ ಆಂಡ್ರೂಸ್ ಅವರ ಮನಸ್ಸನ್ನು ಹೆಚ್ಚು ಹಿಡಿಯಿತು. ಜಗತ್ಪ್ರಸಿದ್ಧವಾದ ಆ ಬಯಲಿನಲ್ಲಿ ಭಾನುವಾರ ಆಟವಿಲ್ಲ. ಊರಿನ ಮಕ್ಕಳು, ಮುದುಕರು, ನಾಯಿಗಳು ಅಂದು ಅದರ ಮೇಲೆ ಅಡ್ಡಾಡುತ್ತಾರೆ. ಬಯಲು ಊರಿನದು, ಆಡುವವರು ಅಲ್ಲಿ ಒಂದು ಅರ್ಥದಲ್ಲಿ ಅತಿಥಿಗಳು. ೧೭೯೭ರಲ್ಲಿ ಸಾಲದಲ್ಲಿ ಮುಳುಗಿದ್ದ ಪುರಸಭೆ ಆ ನೆಲವನ್ನು ಮೊಲ ಸಾಕುವ ವ್ಯಾಪಾರಿಗಳ ಪಾಲು ಮಾಡಿತ್ತು. ಮೊಲಗಳು ತೋಡಿದ ಬಿಲಗಳಿಗಾಗಿ ಆಟಗಾರರಿಗೂ ವ್ಯಾಪಾರಿಗಳಿಗೂ ವರ್ಷಗಟ್ಟಲೆ ವ್ಯಾಜ್ಯ ನಡೆಯಿತು. ೧೮೨೧ರಲ್ಲಿ ಜೇಮ್ಸ್ ಚೀಪ್ ಎಂಬ ಜಮೀನುದಾರ ನೆಲವನ್ನು ಕೊಂಡು ಆಟಕ್ಕೆ ಉಳಿಸಿಕೊಟ್ಟ. ೧೮೯೪ರಲ್ಲಿ ಅದು ಪಾರ್ಲಿಮೆಂಟಿನ ಕಾಯಿದೆಯ ಮೂಲಕ ಮರಳಿ ಊರಿನ ಕೈಸೇರಿತು. ೧೭೬೪ರಲ್ಲಿ ಇಪ್ಪತ್ತೆರಡು ಕುಳಿಗಳ ಸುತ್ತನ್ನು ಹದಿನೆಂಟಕ್ಕೆ ಇಳಿಸಿದ್ದೂ ಇಲ್ಲಿಯೇ, ಇಂದು ಲೋಕವೆಲ್ಲ ಒಪ್ಪಿರುವ ಸಂಖ್ಯೆ ಅದು. ಹೋಗುವವರಿಗೂ ಬರುವವರಿಗೂ ಒಂದೇ ಗ್ರೀನು, ಅದರಲ್ಲಿ ಎರಡು ಕುಳಿ. ಜೋಡಿ ಕುಳಿಗಳ ಸಂಖ್ಯೆಯನ್ನು ಕೂಡಿದರೆ ಸದಾ ಹದಿನೆಂಟು. ಇಂಜಿನಿಯರರು ಭಾನುವಾರದ ಸಂಜೆ ಹಿರಿಯರೊಡನೆ ಆ ಬಯಲನ್ನು ಬರಿಗೈಯಲ್ಲಿ ಸುತ್ತಿದರು. ರಾತ್ರಿ ಹತ್ತು ಸಮೀಪಿಸಿದರೂ ಬೆಳಕಿತ್ತು. ಮರುದಿನ ಆಡಿದ್ದಕ್ಕಿಂತ ಆ ನಡಿಗೆಯೇ ತಮಗೆ ಹೆಚ್ಚು ದಕ್ಕಿತೆಂದು ಅವರು ಮುಂದೆ ಹೇಳುತ್ತಿದ್ದರು.

ಆ ನಡಿಗೆಯಲ್ಲಿ ಹಿರಿಯರು ಬಾಬಿ ಜೋನ್ಸ್‌ರ ಮಾತನ್ನೆತ್ತಿದರು. ಗಾಲ್ಫ್‌ನಲ್ಲಿ ಪ್ರತಿ ಹೊಡೆತವನ್ನೂ ಕಾಯುವ ತೀರ್ಪುಗಾರನಿರುವುದಿಲ್ಲ. ತಪ್ಪನ್ನು ಮಾಡಿದವನೇ ಸಾಮಾನ್ಯವಾಗಿ ಹೇಳಬೇಕು. ೧೯೨೫ರ ಅಮೆರಿಕದ ಓಪನ್ ಪಂದ್ಯದಲ್ಲಿ ಜೋನ್ಸ್ ಹೊಡೆಯಲು ಅಣಿಯಾಗುವಾಗ ಹುಲ್ಲಿನಲ್ಲಿದ್ದ ಚೆಂಡು ತುಸು ಅಲುಗಿತು. ಕಂಡವರು ಯಾರೂ ಇಲ್ಲ. ಅಧಿಕಾರಿಗಳು ಬೇಡವೆಂದರೂ ಅವರು ತಮ್ಮ ಮೇಲೆ ಒಂದು ಹೊಡೆತದ ದಂಡವನ್ನು ಹಾಕಿಕೊಂಡರು. ಕೊನೆಗೆ ಸಮವಾಗಿ ಮುಗಿದ ಆಟ ಮರುಪಂದ್ಯಕ್ಕೆ ಹೋಗಿ ವಿಲ್ಲೀ ಮೆಕ್‌ಫಾರ್ಲೇನ್‌ಗೆ ಜಯ ದೊರೆಯಿತು. ಜನ ಹೊಗಳಿದಾಗ, ಬ್ಯಾಂಕನ್ನು ದೋಚದಿದ್ದುದಕ್ಕೂ ಹೊಗಳುವಿರಾ ಎಂಬ ಅರ್ಥದಲ್ಲಿ ಜೋನ್ಸ್ ಉತ್ತರಿಸಿದರಂತೆ. ಇದೇ ಸೇಂಟ್ ಆಂಡ್ರೂಸ್‌ನಲ್ಲಿ ೧೯೨೧ರಲ್ಲಿ ಸಿಟ್ಟಿನಿಂದ ಆಟವನ್ನು ಅರ್ಧಕ್ಕೆ ಬಿಟ್ಟುಹೋದ ಆ ಮನುಷ್ಯನನ್ನು ೧೯೫೮ರಲ್ಲಿ ಊರು ತನ್ನ ಗೌರವ ಪೌರನನ್ನಾಗಿ ಮಾಡಿಕೊಂಡಿತು. ಹಿರಿಯರು ಇದನ್ನು ಹೇಳುವಾಗ ಅವರ ಕಣ್ಣು ತುಂಬಿತ್ತು. ಅಲುಗಿದ ಚೆಂಡಿಗೆ ತಾನೇ ದಂಡ ಕಟ್ಟಿಕೊಳ್ಳುವ ಇಂಥ ಆಟದ ಜನ, ಆಟ ಮುಗಿದ ಮೇಲಿನ ಚಹದ ಮೇಜಿನಲ್ಲಿ ಸುಳ್ಳನ್ನು ಮಾತ್ರ ಲೆಕ್ಕಕ್ಕೆ ತರುವುದಿಲ್ಲ.

ಹಿರಿಯರ ಸ್ವಂತ ಕ್ಲಬ್ಬು ಅದೇ ಕರಾವಳಿಯ ಸಣ್ಣದೊಂದು ಊರಿನದು. ಅದರ ಹೆಸರು ಇಲ್ಲಿ ಅಗತ್ಯವಿಲ್ಲ. ಅಲ್ಲಿಯ ಸಮಿತಿಗೆ ಅವರೇ ಅಧ್ಯಕ್ಷರಾಗಿದ್ದರು. ಏಳನೆಯ ಕುಳಿಯ ಗ್ರೀನಿನ ಮುಂದೆ ಹಿಂದೆ ಆಳವಾದ ಒಂದು ತಗ್ಗು ಇತ್ತೆಂಬುದನ್ನು ಇಂಜಿನಿಯರರು ಹಳೆಯ ಛಾಯಾಚಿತ್ರದಿಂದ ಬಲ್ಲರು. ತೋಳಿನಲ್ಲಿ ಬಲವಿಲ್ಲದವರು ಚೆಂಡನ್ನು ನೆಲದ ಮೇಲೆಯೇ ಉರುಳಿಸಿದರೆ ಅದು ತಗ್ಗಿಗಿಳಿದು ಅದೇ ವೇಗದಲ್ಲಿ ಮೇಲೇರಿ ಗ್ರೀನನ್ನು ಸೇರುತ್ತಿತ್ತು. ಎರಡು ವರ್ಷಗಳ ಹಿಂದೆ ಹಿರಿಯರ ಸಲಹೆಯಂತೆ ಆ ತಗ್ಗನ್ನು ಮುಚ್ಚಿ, ಹುಲ್ಲುಹೆಂಟೆಗಳನ್ನು ಇಟ್ಟಿಗೆಯಂತೆ ಪೇರಿಸಿ ಕಟ್ಟಿದ ಎರಡು ಹೊಸ ಬಂಕರುಗಳನ್ನು ಮಾಡಿದ್ದರು. ನೋಡಲು ಅಂದವಾಗಿಯೇ ಇತ್ತು. ಆದರೆ ಮುಚ್ಚಲು ತಂದ ಮಣ್ಣಿನಲ್ಲಿ ಜೇಡಿಯ ಅಂಶ ಹೆಚ್ಚು. ಗ್ರೀನಿನಿಂದ ಇಳಿದ ನೀರು ಹಿಂದೆ ತಗ್ಗಿನ ಮರಳಿನಲ್ಲಿ ಇಂಗಿಹೋಗುತ್ತಿದ್ದುದು ಈಗ ಅಂಚಿನಲ್ಲೇ ನಿಲ್ಲುತ್ತಿತ್ತು. ಜೂನ್ ತಿಂಗಳ ಒಣ ಹವೆಯಲ್ಲೂ ಅಲ್ಲಿ ಪಾಚಿಯ ಗುರುತಿತ್ತು. ಇವರು ಹೆಬ್ಬೆರಳಿನಿಂದ ಒತ್ತಿ ನೋಡಿದರು, ಬೆರಳು ತೇವವಾಯಿತು. ಮುಂದೆ ಆಡುತ್ತಿದ್ದ ಗುಂಪಿನ ವೃದ್ಧೆಯೊಬ್ಬರು ಆ ಬಂಕರುಗಳ ಮುಂದೆ ಬಂದು ನಿಂತು, ಚೆಂಡನ್ನು ಕೈಗೆತ್ತಿಕೊಂಡು ಜೇಬಿಗೆ ಹಾಕಿ, ಸುತ್ತು ಬಳಸಿ ನಡೆದು ಎಂಟನೆಯ ಕುಳಿಗೆ ಹೋದರು. ಅದೂ ಇವರ ಕಣ್ಣಿಗೆ ಬಿತ್ತು.

ಚಹದ ಹೊತ್ತಿಗೆ ಹಿರಿಯರು ಕೇಳಿದರು: ಏಳನೆಯ ಕುಳಿ ಹೇಗೆ ಕಂಡಿತು?

ಈ ಗೆಳೆಯರ ನಡುವೆ ಒಂದು ಒಪ್ಪಂದವಿತ್ತು. ಅತಿಥಿ ತಾನು ಕಂಡದ್ದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು; ಅದಕ್ಕಾಗಿಯೇ ದೂರದಿಂದ ಕರೆಸುವುದು. ಅಂದು ಮುಂಜಾನೆಯೇ ಆಸ್ಟ್ರೇಲಿಯದವರೊಬ್ಬರು ಬೇರೊಂದು ಬಯಲಿನ ಮರಗಳನ್ನು ಕುರಿತು ಕಟುವಾಗಿ ಮಾತನಾಡಿ ಎಲ್ಲರನ್ನೂ ನಗಿಸಿದ್ದರು. ಆದರೆ ಮನೆಯಾಕೆ ಬಟ್ಟಲಿಗೆ ಚಹ ಬಗ್ಗಿಸುತ್ತಿದ್ದರು. ಎಪ್ಪತ್ತನಾಲ್ಕರ ಹಿರಿಯರ ಮುಖದಲ್ಲಿ ಪರೀಕ್ಷೆಯ ಫಲಿತಾಂಶಕ್ಕೆ ಕಾದ ಬಾಲಕನ ಭಾವವಿತ್ತು. ಇಂಜಿನಿಯರರು, ಅದು ಅನಾದಿಯಿಂದಲೂ ಅಲ್ಲಿಯೇ ಇದ್ದಂತೆ ಕಾಣುತ್ತದೆ ಎಂದರು. ಆ ಪಂಗಡದಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ. ಹಿರಿಯರು ಪತ್ನಿಯ ಕಡೆಗೆ ತಿರುಗಿ, 'ಕೇಳಿದೆಯಾ?' ಎಂದರು.

ಮಾತನ್ನು ಹಿಂದಕ್ಕೆ ಪಡೆಯಲು ಅವಕಾಶವಿರಲಿಲ್ಲವೆಂದಲ್ಲ. ಪ್ರವಾಸದ ಕೊನೆಯಲ್ಲಿ ಮಲ್ಲೈಗ್ ಬಂದರಿನಿಂದ ಸುಮಾರು ಮೂರೂವರೆ ಗಂಟೆ ಹಡಗಿನಲ್ಲಿ ಸಾಗಿ ಅವರೆಲ್ಲ ಸೌತ್ ಉಯಿಸ್ಟ್ ದ್ವೀಪಕ್ಕೆ ಹೋದರು. ಅಲ್ಲಿಯ ಆಸ್ಕರ್ನಿಷ್ ಎಂಬಲ್ಲಿ ೧೮೯೧ರಲ್ಲಿ ಓಲ್ಡ್ ಟಾಮ್ ಮಾರಿಸ್ ಹಾಕಿಕೊಟ್ಟ ಬಯಲು ಕಾಲಕ್ರಮದಲ್ಲಿ ಮರೆತುಹೋಗಿ, ೨೦೦೫ರಲ್ಲಿ ಮರಳದಿಬ್ಬಗಳ ನಡುವೆ ಗುರುತಿಸಲ್ಪಟ್ಟು, ೨೦೦೮ರಲ್ಲಿ ಮತ್ತೆ ತೆರೆಯಿತು. ಕಪ್ಪೆಚಿಪ್ಪಿನ ಪುಡಿ ಬೆರೆತ ಮರಳಿನ ಮೇಲೆ ಹುಲ್ಲೂ ಕಾಡುಹೂಗಳೂ ಬೆಳೆಯುವ ಆ ನೆಲಕ್ಕೆ ಗೇಲಿಕ್ ಭಾಷೆಯಲ್ಲಿ ಮಹರ್ ಎಂದು ಹೆಸರು. ಅಲ್ಲಿ ಮಣ್ಣು ಹೊತ್ತು ತಂದು ಸುರಿದವರಿಲ್ಲ. ಇದ್ದ ತಗ್ಗುದಿಣ್ಣೆಗಳ ಮೇಲೆಯೇ ಹುಲ್ಲನ್ನು ಕತ್ತರಿಸಿ ದಾರಿ ಮಾಡಿದ್ದಾರೆ. ಚಳಿಗಾಲದಲ್ಲಿ ದನಕುರಿಗಳು ಮೇಯುತ್ತವೆ.

ಆ ನೆಲದ ಕಥೆ ಅಷ್ಟು ಮುಗ್ಧವಾದುದಲ್ಲ ಎಂಬುದನ್ನೂ ಹೇಳಬೇಕು. ೧೮೩೮ರಲ್ಲಿ ದ್ವೀಪವನ್ನು ಕೊಂಡ ಗೋರ್ಡನ್ ಎಂಬ ಜಮೀನುದಾರ, ಆಲೂಗಡ್ಡೆಯ ಬೆಳೆ ಹಾಳಾದ ಬರಗಾಲದ ಬೆನ್ನಲ್ಲೇ, ೧೮೫೧ರ ವೇಳೆಗೆ ಸಾವಿರಕ್ಕೂ ಮಿಕ್ಕ ಬಡ ಒಕ್ಕಲುಗಳನ್ನು ಕೆನಡಾಕ್ಕೆ ಹಡಗು ಹತ್ತಿಸಿದ. ಟಾಮ್ ಮಾರಿಸ್‌ರನ್ನು ಗಾಲ್ಫ್ ಬಯಲು ಮಾಡಲು ಕರೆಸಿದ ಲೇಡಿ ಗೋರ್ಡನ್ ಕ್ಯಾತ್‌ಕಾರ್ಟ್ ಆತನ ಸೊಸೆ. ೨೦೦೬ರಲ್ಲಿ ದ್ವೀಪದ ಜನರೇ ಒಂದಾಗಿ ೯೩,೦೦೦ ಎಕರೆಯ ಆ ಇಡೀ ಜಮೀನನ್ನು ತಮ್ಮದಾಗಿಸಿಕೊಂಡರು. ಬಯಲನ್ನು ಪುನಃ ತೆರೆಯುವಾಗ ಕ್ರಾಫ್ಟರ್ ಎಂದು ಕರೆಯಲ್ಪಡುವ ಸಣ್ಣ ಹಿಡುವಳಿದಾರರಲ್ಲಿ ಕೆಲವರು ತಮ್ಮ ಗೋಮಾಳದ ಹಕ್ಕಿಗಾಗಿ ನ್ಯಾಯಾಲಯಕ್ಕೂ ಹೋದರು. ಇವನ್ನೆಲ್ಲ ಹಿರಿಯರು ಅತಿಥಿಗಳಿಗೆ ವಿವರವಾಗಿ, ಯಾರ ಪಕ್ಷವನ್ನೂ ಮರೆಮಾಚದೆ ಹೇಳಿದರು. ಬಳಿಕ ಒಂದು ಆಳವಾದ ತಗ್ಗಿನ ಅಂಚಿನಲ್ಲಿ ಮೊಣಕಾಲೂರಿ ಕುಳಿತು ಹುಲ್ಲನ್ನು ಸವರುತ್ತ, ಇದನ್ನು ಮುಚ್ಚುವ ಧೈರ್ಯ ಯಾರಿಗಿದೆ ಎಂದರು. ಇಂಜಿನಿಯರರು ಪಕ್ಕದಲ್ಲೇ ಇದ್ದರು. ಮಾತು ನಾಲಗೆಯ ತುದಿಗೆ ಬಂದಿತ್ತು. ಆದರೆ ಒಮ್ಮೆ ಹೊಗಳಿದ ಮೇಲೆ ತಿದ್ದಿಕೊಳ್ಳುವುದು ಮೊದಲು ತೆಗಳುವುದಕ್ಕಿಂತಲೂ ಕಷ್ಟ. ಅವರು ಸುಮ್ಮನಾದರು.

ನವೆಂಬರಿನಲ್ಲಿ ಬೆಂಗಳೂರಿಗೆ ಪತ್ರ ಬಂದಿತು. ಕ್ಲಬ್ಬಿನ ವಾರ್ಷಿಕ ಸಭೆಯಲ್ಲಿ ಹನ್ನೆರಡನೆಯ ಕುಳಿಯನ್ನೂ ಏಳನೆಯದರಂತೆಯೇ ಮಾರ್ಪಡಿಸುವ ಸೂಚನೆ ಚರ್ಚೆಗೆ ಬಂದಿತ್ತು. ಹಳೆಯ ಸದಸ್ಯರೂ ಕೆಲವು ಮಹಿಳೆಯರೂ ವಿರೋಧಿಸಿದರು. ಆಗ ಹಿರಿಯರು ಎದ್ದುನಿಂತು, ಜೀವಮಾನವೆಲ್ಲ ಮಣ್ಣು ನೀರುಗಳೊಡನೆ ಕಳೆದ ಭಾರತದ ಇಂಜಿನಿಯರರೊಬ್ಬರು ಏಳನೆಯ ಕುಳಿಯನ್ನು ಕಂಡು ಏನೆಂದರೆಂಬುದನ್ನು ಸಭೆಗೆ ತಿಳಿಸಿದರಂತೆ. ಸೂಚನೆ ಕೆಲವೇ ಮತಗಳ ಅಂತರದಿಂದ ಅಂಗೀಕೃತವಾಯಿತು. ಫೆಬ್ರವರಿಯಲ್ಲಿ ಕೆಲಸ ಪ್ರಾರಂಭ. 'ನಿಮ್ಮ ಮಾತು ನಮ್ಮನ್ನು ಗೆಲ್ಲಿಸಿತು' ಎಂದು ಪತ್ರ ಕೃತಜ್ಞತೆಯೊಂದಿಗೆ ಮುಗಿದಿತ್ತು.

ಆ ರಾತ್ರಿ ಅವರಿಗೆ ನಿದ್ರೆ ಹತ್ತಲಿಲ್ಲ. ನಾಲ್ಕು ಒಳ್ಳೆಯ ಮಾತಿನಿಂದ ಯಾರಿಗೆ ನಷ್ಟ ಎಂಬ ಸಮಾಧಾನ ಅದುವರೆಗೆ ಉಳಿದಿತ್ತು. ಈಗ ನಷ್ಟಕ್ಕೆ ಮುಖವೊಂದು ಮೂಡಿತು, ಚೆಂಡನ್ನು ಜೇಬಿಗೆ ಹಾಕಿಕೊಂಡು ಬಳಸಿ ನಡೆದ ವೃದ್ಧೆಯದು. ಎರಡನೆಯ ಕಡೆಯಲ್ಲಿಯೂ ಆಕೆಗೆ ದಾರಿ ಮುಚ್ಚುತ್ತದೆ; ಮುಚ್ಚುವ ಮಣ್ಣಿನಲ್ಲಿ ತಮ್ಮದೂ ಒಂದು ಬುಟ್ಟಿ.

ಬಾಲ್ಯದ ಒಂದು ಪ್ರಸಂಗವೂ ಅಂದು ನೆನಪಾಯಿತು. ಹತ್ತು ವರ್ಷದವರಿದ್ದಾಗ ಅವರು ಚೀಲ ಹೊತ್ತಿದ್ದ ಅಧಿಕಾರಿಯೊಬ್ಬರು ಕಲ್ಲಿನ ಹಿಂದೆ ಸಿಕ್ಕಿಕೊಂಡಿದ್ದ ಚೆಂಡನ್ನು ಬೂಟಿನ ತುದಿಯಿಂದ ಈಚೆಗೆ ಸರಿಸಿ, ಹುಡುಗನನ್ನು ಒಮ್ಮೆ ನೋಡಿದರು. ಆಟದ ಕೊನೆಯಲ್ಲಿ ಕೂಲಿಯ ಮೇಲೆ ನಾಲ್ಕಾಣೆ ಹೆಚ್ಚಿಗೆ ಸಿಕ್ಕಿತು. ಏಕೆಂದು ಇಬ್ಬರೂ ಆಡಲಿಲ್ಲ. ಆ ನಾಲ್ಕಾಣೆಯಲ್ಲಿ ಕಡಲೆಮಿಠಾಯಿ ಕೊಂಡದ್ದೂ ಅದರ ರುಚಿಯೂ ನೆನಪಿದೆಯೆಂದು ಅವರು ಹೇಳಿದರೆ ಕೇಳಿದವರಿಗೆ ನಗು ಬರುತ್ತದೆ, ಅವರಿಗೆ ಬರುವುದಿಲ್ಲ.

ಬೆಳಗ್ಗೆ ಪತ್ನಿಯ ಮುಂದೆ ಪತ್ರವನ್ನಿಟ್ಟರು. ಆಕೆ ಆಟವನ್ನು ಅರಿತವರಲ್ಲ, ಓದಿ ಮುಗಿಸಿ, 'ಸುಳ್ಳು ಹೇಳಿದ್ದು ಮೂರು ಜನರ ಮುಂದೆ ರೀ. ಈಗ ಅದು ಒಂದು ಊರಿಗೇ ಗೊತ್ತು. ನಿಜಾನ ಲಕೋಟೆಯೊಳಗಿಟ್ಟು ಅವರೊಬ್ಬರಿಗೇ ಕಳಿಸಿಬಿಟ್ಟರೆ ಸರಿಹೋಗುತ್ತಾ?' ಎಂದರು. ಇದಕ್ಕೆ ಉತ್ತರ ಸುಲಭವಿರಲಿಲ್ಲ. ಕ್ಲಬ್ಬಿನ ಕಾರ್ಯದರ್ಶಿಗೇ ನೇರವಾಗಿ ಬರೆದರೆ ಸತ್ಯ ತಲುಪಬೇಕಾದವರನ್ನು ತಲುಪುತ್ತದೆ, ನಿಜ. ಆದರೆ ಹೊಸ ಬಾಣಲೆ ತಂದಿಟ್ಟ ಮನೆಯ ಯಜಮಾನನನ್ನು ಅವರ ಊರಿನವರ ಎದುರಿನಲ್ಲಿ ಹಿಂದಿನಿಂದ ಹೊಡೆದಂತಾಗುತ್ತದೆ. ಹಿರಿಯರೊಬ್ಬರಿಗೇ ಬರೆದರೆ ಗೆಳೆತನ ಒಂದಿಷ್ಟು ಉಳಿದೀತು, ತಗ್ಗು ಉಳಿಯುವ ಭರವಸೆಯಿಲ್ಲ. ತಾನು ಮಾಡಿದ ತಪ್ಪಿಗೆ ದಂಡ ತೆರುವುದು ಒಂದು ಬಗೆ. ಆ ದಂಡದ ಬಹುಪಾಲನ್ನು ಇನ್ನೊಬ್ಬರು ತೆರಬೇಕಾಗಿ ಬಂದಾಗ ಜೋನ್ಸ್‌ರ ಉದಾಹರಣೆಯೂ ಅಷ್ಟಾಗಿ ನೆರವಿಗೆ ಬರುವುದಿಲ್ಲ. ಜೋನ್ಸ್ ಸೋತದ್ದು ತಮ್ಮದೇ ಆಟವನ್ನು.

ಮೂರು ಕರಡುಗಳಾದವು. ಮೊದಲನೆಯದು ನಾಲ್ಕು ಪುಟ, ಅದರ ತುಂಬ ತಮ್ಮ ಸಂಕೋಚದ ಸಮರ್ಥನೆ. ಅದನ್ನು ಹರಿದರು. ಎರಡನೆಯದು ಜೇಡಿಮಣ್ಣು, ಇಂಗುವಿಕೆ, ಪಾಚಿಗಳನ್ನು ಕುರಿತ ವರದಿ, ಚಿತ್ರವೂ ಇತ್ತು. ಅದರಲ್ಲಿ ಎಲ್ಲವೂ ಸರಿಯಾಗಿತ್ತು, ಸುಳ್ಳು ಹೇಳಿದೆನೆಂಬ ಒಂದು ವಾಕ್ಯ ಮಾತ್ರ ಇರಲಿಲ್ಲ. ಅದನ್ನೂ ಹರಿದರು. ಮೂರನೆಯದು ಅರ್ಧ ಪುಟ. ಅಂದು ಚಹದ ಹೊತ್ತಿನಲ್ಲಿ ಹೇಳಿದ್ದು ತಮ್ಮ ಅಭಿಪ್ರಾಯವಾಗಿರಲಿಲ್ಲ. ತಗ್ಗನ್ನು ಮುಚ್ಚಿದ್ದರಿಂದ ನೀರೂ ಕೆಟ್ಟಿತು, ದುರ್ಬಲರ ದಾರಿಯೂ ಕೆಟ್ಟಿತು ಎಂದು ಅಂದೇ ತಿಳಿದಿತ್ತು. ನಿಮ್ಮ ಮನೆಯ ಪ್ರೀತಿಗೆ ಅಂಜಿ ಹೇಳಲಿಲ್ಲ. ತಮ್ಮ ಮಾತಿನ ಆಧಾರದ ಮೇಲೆ ಯಾರಾದರೂ ಮತ ಕೊಟ್ಟಿದ್ದರೆ ಅವರಿಗೆ ಇದು ತಿಳಿಯುವುದು ನ್ಯಾಯ, ತಿಳಿಸುವ ಬಗೆಯನ್ನು ನಿಮಗೇ ಬಿಟ್ಟಿದ್ದೇನೆ. ಫೆಬ್ರವರಿಗೆ ಮೊದಲು ತಿಳಿಯದಿದ್ದರೆ ತಾವೇ ಕಾರ್ಯದರ್ಶಿಗೆ ಬರೆಯಬೇಕಾಗುತ್ತದೆ. ಕೊನೆಯ ಈ ಮಾತನ್ನು ಇಡುವುದೋ ಬಿಡುವುದೋ ಎಂದು ಒಂದು ಇಡೀ ದಿನ ಯೋಚಿಸಿದರು. ಸ್ನೇಹಿತನಿಗೆ ಗಡುವು ಹಾಕುವುದು ಸಣ್ಣತನದಂತೆ ಕಂಡಿತು. ಆದರೂ ಇಟ್ಟರು. ಅಂಚೆ ಪೆಟ್ಟಿಗೆಯವರೆಗೆ ಪತ್ನಿಯೂ ಜೊತೆಗೆ ನಡೆದು ಬಂದರು.

ಏಳು ವಾರ ಉತ್ತರವಿಲ್ಲ. ಹನ್ನೊಂದು ವರ್ಷಗಳಲ್ಲಿ ಅಷ್ಟು ದೀರ್ಘವಾದ ಮೌನ ಇದ್ದುದಿಲ್ಲ. ಜನವರಿಯ ಕೊನೆಯಲ್ಲಿ ಒಂದು ಪುಟದ ಪತ್ರ ಬಂದಿತು. ಇವರ ಕಾಗದವನ್ನು ಹಿರಿಯರು ವಾರಗಟ್ಟಲೆ ಮೇಜಿನ ಸೆಳೆಯಲ್ಲಿ ಇಟ್ಟಿದ್ದರಂತೆ. ಬಳಿಕ ಸದಸ್ಯರ ವಿಶೇಷ ಸಭೆ ಕರೆದು ಒಂದಕ್ಷರ ಬಿಡದೆ ತಾವೇ ಓದಿದರಂತೆ. ಹನ್ನೆರಡನೆಯ ಕುಳಿಯ ಕೆಲಸ ನಿಂತಿತು. ಯಾರೂ ಕೇಳದಿದ್ದರೂ ಅವರು ಅಧ್ಯಕ್ಷಸ್ಥಾನವನ್ನು ಬಿಟ್ಟರು. ಪತ್ರದ ಕೊನೆಯಲ್ಲಿ ಹೀಗೊಂದು ಮಾತಿತ್ತು: ಏಳನೆಯ ಕುಳಿಯ ತೇವವನ್ನು ಮೊದಲ ಚಳಿಗಾಲದಲ್ಲಿಯೇ ನಾನು ಕಂಡಿದ್ದೆ, ನಿಮ್ಮ ಕಣ್ಣಿಗೆ ಅದು ಬೀಳದಿರಲಿ ಎಂಬ ಆಸೆಯಿಂದಲೇ ಅಂದು ಕೇಳಿದ್ದು.

ಇಂಜಿನಿಯರರು ಆ ಸಾಲನ್ನು ಎಷ್ಟು ಸಲ ಓದಿದರೋ. ಕ್ಷಮಿಸಿದೆನೆಂದೂ ಇರಲಿಲ್ಲ, ಇಲ್ಲವೆಂದೂ ಇರಲಿಲ್ಲ. ಪತ್ರಗಳು ಮುಂದುವರಿದವು, ಮೊದಲಿಗಿಂತ ವಿರಳವಾಗಿ, ಮೊದಲಿಗಿಂತ ಚಿಕ್ಕದಾಗಿ. ಏನೋ ಒಂದು ಹೋಗಿತ್ತು. ಹೋದದ್ದು ಹೋಗಬೇಕಾದದ್ದೇ ಎಂದು ನೈತಿಕ ಧೈರ್ಯದಿಂದ ಹೇಳಿಬಿಡುವುದು ದೂರದಲ್ಲಿ ನಿಂತವರಿಗೆ ಸುಲಭ.

೨೦೨೦ರ ಜನವರಿಯಲ್ಲಿ ಹಿರಿಯರೂ ಅವರ ಪತ್ನಿಯೂ ಬೆಂಗಳೂರಿಗೆ ಬಂದರು. ಬರುತ್ತೇವೆಂದು ಬರೆದದ್ದು ಅವರೇ. ನಗರದ ಪ್ರಸಿದ್ಧ ಗಾಲ್ಫ್ ಬಯಲುಗಳನ್ನು ತೋರಿಸುತ್ತೇನೆಂದರೆ ಬೇಡವೆಂದು, ಕೋಲಾರದ ಚಿನ್ನದ ಗಣಿಯ ಊರನ್ನು ನೋಡಬೇಕೆಂದು ಹಟ ಹಿಡಿದರು. ಗಣಿ ೨೦೦೧ರಲ್ಲಿ ಮುಚ್ಚಿತ್ತು. ಅದಿರಿನಿಂದ ಚಿನ್ನ ತೆಗೆದು ಉಳಿದ ಪುಡಿಯನ್ನು ರಾಶಿ ಹಾಕಿದ ಸಯನೈಡ್ ದಿಬ್ಬಗಳು ಬಿಸಿಲಿನಲ್ಲಿ ಬೆಳ್ಳಗೆ ಹೊಳೆಯುತ್ತಿದ್ದವು. ಅವುಗಳ ಮೈಯನ್ನು ಮಳೆ ಕೊರೆದ ಗೀರುಗಳನ್ನು ಹಿರಿಯರು ಬಹಳ ಹೊತ್ತು ನೋಡಿ, ಇಲ್ಲಿ ನೀರು ಇಂಗುವುದೇ ಇಲ್ಲವಲ್ಲ ಎಂದರು. ಇಲ್ಲ, ಹರಿದು ಕೆಳಗಿನ ಕೆರೆಗಳಿಗೆ ಹೋಗುತ್ತದೆ, ದೂಳು ಮನೆಗಳಿಗೆ ಹೋಗುತ್ತದೆ ಎಂದು ಇವರು ಹೇಳಿದರು. ತಾವು ಚೀಲ ಹೊರುತ್ತಿದ್ದ ದಾರಿಯನ್ನೂ, ನಾಲ್ಕಾಣೆಯ ಕಥೆಯನ್ನೂ ಹೇಳಿದರು. ಹಿರಿಯರು ನಗಲಿಲ್ಲ.

ಮರುದಿನ ಮನೆಯಲ್ಲಿ ಊಟ. ಇಂಜಿನಿಯರರ ಪತ್ನಿ ಚಿತ್ರಾನ್ನ ಮಾಡಿದ್ದರು. ಎರಡು ತುತ್ತು ಉಂಡ ಹಿರಿಯರನ್ನು, ಹೇಗಿದೆಯೆಂದು ಆಕೆ ತಮಗೆ ಬಲ್ಲ ಇಂಗ್ಲಿಷಿನಲ್ಲಿ ಕೇಳಿದರು. ಅವರು ತಟ್ಟೆಯನ್ನೂ ಇಂಜಿನಿಯರರ ಮುಖವನ್ನೂ ಒಮ್ಮೆ ನೋಡಿ, ರುಚಿಯಾಗಿದೆ, ಉಪ್ಪು ಮಾತ್ರ ಸ್ವಲ್ಪ ಕಡಿಮೆ ಎಂದರು. ಅವರ ಪತ್ನಿ ಗಾಬರಿಯಿಂದ ಗಂಡನ ತೋಳನ್ನು ಹಿಡಿದರು. ಮನೆಯಾಕೆ ತಾವೂ ಒಂದು ಅಗುಳು ಬಾಯಿಗೆ ಹಾಕಿಕೊಂಡು ನೋಡಿ, ಹೌದೆಂದು ಒಳಗೆ ಹೋಗಿ ಉಪ್ಪಿನ ಬಟ್ಟಲನ್ನು ತಂದಿಟ್ಟರು.